ದೂಧಗಂಗಾ ಪಾರ್ಟಿಯ ಹೆಣ್ಣುದನಿ

ಶೈಲಾ ನರ್ಸಬಾಯಿ ಕೆಲಸದಿಂದ ನಿವೃತ್ತಳಾಗಿ ಎರಡು ವರ್ಷವಾಗಿದ್ದರೂ ಬೆಳಗ್ಗೆ ಏಳು ಹೊಡೆದರೆ ಅವಳ ಕೈಯಲ್ಲಿ ಸ್ಕೂಟಿಯ ಕೀಲಿ ಇರುತ್ತಿತ್ತು. ಕೊತ್ತಂಬರಿ ತರುತ್ತೇನೆಂದು ರಾಯಬಾಗದ ಮನೆಯಿಂದ ಹೊರಟವಳು ಅಲಖನೂರಿನವರೆಗೆ ಹೋಗಿ, ಯಾರದೋ ಸೊಸೆಗೆ ಎಷ್ಟು ತಿಂಗಳು ಎಂದು ವಿಚಾರಿಸಿ, ಕೊತ್ತಂಬರಿ ಮರೆತು ಬರುತ್ತಿದ್ದಳು. ಗಂಡ ಸಂಜಯ ಬಸ್‌ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟವನು, ಮೆತ್ತಗಿನ ಮನುಷ್ಯ. ಇವಳನ್ನು ಕೂರಿಸುವ ಪ್ರಯತ್ನವನ್ನು ಅವನು ಮದುವೆಯಾದ ಮೊದಲ ವರ್ಷದಲ್ಲೇ ಬಿಟ್ಟಿದ್ದ.

ಫೆಬ್ರವರಿಯ ಒಂದು ಸೋಮವಾರ ಅವಳಿಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಆ ಕಡೆಯ ಹೆಂಗಸು ತನ್ನ ಹೆಸರು ಫಿರದೋಸ, ಬೋರಗಾಂವದ ಉರ್ದು ಶಾಲೆಯಲ್ಲಿ ಟೀಚರು ಎಂದಳು. ಆಮೇಲೆ ಸ್ವಲ್ಪ ತಡೆದು, ತಾನು ಅಲ್ಲಾಬಕ್ಷನ ಮಗಳು ಎಂದಳು. ಶೈಲಾ ಗ್ಯಾಸು ಆರಿಸಿದಳು. ಅಲ್ಲಾಬಕ್ಷ ತೀರಿಕೊಂಡದ್ದು ಅವಳಿಗೆ ಗೊತ್ತಿತ್ತು. ಹೋದ ವರ್ಷ ಯಾರೋ ಹೇಳಿದ್ದರು. ಅವಳು ಮಣ್ಣಿಗೆ ಹೋಗಿರಲಿಲ್ಲ.

ಫಿರದೋಸ ಹೇಳಿದ್ದು ಎರಡು ಸಂಗತಿ. ಒಂದು, ದೂಧಗಂಗಾ ಪಾರ್ಟಿಯ ಮೊದಲ ಕ್ಯಾಸೆಟ್ಟಿಗೆ ನಲವತ್ತು ವರ್ಷವಾಯಿತೆಂದು ನಿಪ್ಪಾಣಿಯ ಹುಡುಗರು ಸೇರಿ ಚಿಕ್ಕೋಡಿಯಲ್ಲಿ ದೊಡ್ಡ ಕಾರ್ಯಕ್ರಮ ಇಟ್ಟುಕೊಂಡಿದ್ದಾರೆ. ಎರಡು, ಅಬ್ಬಾನ ಟ್ರಂಕಿನಲ್ಲಿ ಒಂದು ಕ್ಯಾಸೆಟ್ ಸಿಕ್ಕಿದೆ. ಅದರ ಮೇಲೆ ಪೆನ್ಸಿಲ್ಲಿನಲ್ಲಿ 'ಶೈಲಾ, ಪೂರಾ' ಎಂದು ಬರೆದಿದೆ.

"ಕಾರ್ಯಕ್ರಮದ ಕಾರ್ಡಿನ್ಯಾಗ ನಿಮ್ಮ ಹೆಸರ ಇಲ್ಲರಿ ಮೌಶಿ," ಎಂದಳು ಫಿರದೋಸ. "ಅದಕ್ಕ ಫೋನ್ ಮಾಡೀನಿ."

ಇಷ್ಟು ಕೇಳಿದ್ದೇ ಶೈಲಾ ಈಗಲೇ ಬರುತ್ತೇನೆಂದು ಫೋನಿಟ್ಟು, ಸಂಜಯನಿಗೆ ಒಂದು ಮಾತು ಹೇಳಿ ಸ್ಕೂಟಿ ಹತ್ತಿದಳು. ಉಪ್ಪಿಟ್ಟಿನ ರವೆ ಬಾಣಲೆಯಲ್ಲಿ ಅರ್ಧ ಹುರಿದಂತೆಯೇ ಉಳಿಯಿತು.

ದೂಧಗಂಗಾ ಪಾರ್ಟಿ ಎಂಬ ಹಾಡಿನ ಮೇಳವೆಂದರೆ ಈ ಭಾಗದಲ್ಲಿ ಐವತ್ತು ದಾಟಿದ ಯಾರನ್ನು ಕೇಳಿದರೂ ಒಂದು ಕಥೆ ಹೇಳುತ್ತಾರೆ. ಅದನ್ನು ಕಟ್ಟಿದವನು ಶಿರಗುಪ್ಪಿಯ ತಾತ್ಯಾಸಾಹೇಬ, ಕಬ್ಬಿನ ಹೊಲ ಇದ್ದ ಮನೆತನದವನು. ಕೊಲ್ಹಾಪುರದಲ್ಲಿ ಕಾಲೇಜು ಓದುವಾಗ ಗಿಟಾರು ಕಲಿತು, ಪರೀಕ್ಷೆಯಲ್ಲಿ ಫೇಲಾಗಿ, ಗಿಟಾರಿನ ಸಮೇತ ಊರಿಗೆ ಬಂದಿದ್ದ. ಹಾಡುತ್ತಿದ್ದವನೂ ಅವನೇ. ಬೋರಗಾಂವದ ಅಲ್ಲಾಬಕ್ಷ ಪವರ್‌ಲೂಮ್ ರಿಪೇರಿ ಮಾಡುವವನು. ಅವನ ಹತ್ತಿರ ಮಿರಜಿನಿಂದ ತಂದ ಹವಾಯಿನ್ ಗಿಟಾರು ಇತ್ತು. ಅದನ್ನು ತೊಡೆಯ ಮೇಲೆ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ತುಂಡು ಜಾರಿಸಿದರೆ ಯಾರೋ ದೂರದಲ್ಲಿ ಅಳುತ್ತ ನಡೆದು ಹೋದಂತೆ ಕೇಳಿಸುತ್ತಿತ್ತು. ಮೂರನೆಯವನು ಅಲಖನೂರಿನ ಕಾಡಸಿದ್ದ. ಅವನದು ಡೊಳ್ಳು.

ಡೊಳ್ಳಿನ ಪದಕ್ಕೆ, ಭಜನಿ ಪದಕ್ಕೆ ಕರೆಂಟಿನ ಗಿಟಾರು ಕೂಡಿಸಿದ್ದು ಈ ಸುತ್ತಿನಲ್ಲಿ ಅವರೇ ಮೊದಲು. ಅಥಣಿಯಲ್ಲಿ ಆದ ಮೊದಲ ಕಾರ್ಯಕ್ರಮದಲ್ಲಿ ಹಿರಿಯ ಡೊಳ್ಳಿನವನೊಬ್ಬ ಎದ್ದು, ಇವರು ದೇವರ ಡೊಳ್ಳಿಗೆ ಕರೆಂಟ್ ಹಚ್ಚ್ಯಾರ ಎಂದು ಬೈದು ತನ್ನ ಮೇಳ ಕರೆದುಕೊಂಡು ಹೊರಟೇ ಹೋಗಿದ್ದ. ಸಿನಿಮಾ ಹಾಡು ಕೇಳಲು ಬಂದ ಹುಡುಗರೂ ಇದೇನು ಅಜ್ಜಂದಿರ ಹಾಡು ಎಂದು ಸಿಳ್ಳೆ ಹೊಡೆದಿದ್ದರು. ಮೂರು ವರ್ಷ ಇವರು ಹಳಬರಿಗೂ ಬೇಡ, ಹೊಸಬರಿಗೂ ಬೇಡ ಎನ್ನುವಂತೆ ತಿರುಗಿದರು. ಎಂಬತ್ತೈದರಲ್ಲಿ ಶೈಲಾ ಸೇರಿದಳು.

ಆಗ ಅವಳಿಗೆ ಇಪ್ಪತ್ತೆರಡು. ಅಥಣಿಯಲ್ಲಿ ಅವ್ವನ ಮನೆ. ಅವ್ವ ರುಕ್ಮವ್ವ ಬೀಸುವಾಗ, ಕಣದಲ್ಲಿ ಹಂತಿ ಕಟ್ಟುವಾಗ ಹಾಡುವವಳು. ಆ ಧಾಟಿಗಳೆಲ್ಲ ಮಗಳ ಗಂಟಲಿಗೆ ಬಂದಿದ್ದವು. ಗದ್ದಲದ ಮನೆಯಲ್ಲಿ, ಮದುವೆ ಮಾತಿನ ನಡುವೆ ಅವಳು ಒಂದು ಹಾಡು ಕಟ್ಟಿದ್ದಳು:

ಕಾಲಾಗ ಗಾಳಿ ಹೊಕ್ಕೈತಿ ಯವ್ವಾ,
ಕುಂತಲ್ಲಿ ಕುಂದ್ರಾಕ ಒಲ್ಲೆ
ನಡದಷ್ಟ ಹಾದಿ ನಂದೈತಿ ಯವ್ವಾ,
ನಿಂತರ ನಾ ಯಾರೊ ಬಲ್ಲೆ?

ಆ ಹಾಡಿನಿಂದ ಪಾರ್ಟಿಯ ನಸೀಬು ತಿರುಗಿತು. ಎಂಟು ತಿಂಗಳು ಅವಳು ಅವರೊಂದಿಗೆ ಊರೂರು ತಿರುಗಿದಳು. ರುಕ್ಮವ್ವ ಪ್ರತಿ ಊರಿಗೂ ಜೊತೆಗೆ ಬಂದು, ವೇದಿಕೆಯ ಪಕ್ಕದಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ನಂತರ ಮಿರಜಿನಲ್ಲಿ ವಾದ್ಯದ ಅಂಗಡಿಯ ಮೇಲಿನ ಒಂದು ಕೋಣೆ, ಗೋಡೆಗೆಲ್ಲ ಗೋಣಿಚೀಲ ಹೊಡೆದದ್ದು. ಅಲ್ಲಿ ಎರಡು ದಿನ ರೆಕಾರ್ಡಿಂಗ್ ಆಯಿತು. ಆರು ಹಾಡಿನಲ್ಲಿ ನಾಲ್ಕು ಶೈಲಾಳವು.

ಕ್ಯಾಸೆಟ್ ಹೊರಬಂದ ದಿನ ಅವಳು ಅಥಣಿಯ ಬಸ್‌ಸ್ಟ್ಯಾಂಡಿನಲ್ಲಿದ್ದಳು. ಕ್ಯಾಸೆಟ್ ಅಂಗಡಿಯವನು ಹೊಸ ಮಾಲನ್ನು ಹಾಕಿ ದನಿ ಏರಿಸಿದ. ಅಲ್ಲಾಬಕ್ಷನ ಗಿಟಾರು ಜಾರಿಕೊಂಡು ಬಂತು, ಕಾಡಸಿದ್ದನ ಡೊಳ್ಳು ಬಂತು. ಅವಳು ಪಕ್ಕದ ಹೆಂಗಸಿನ ತೋಳು ಹಿಡಿದು ಈಗ ಕೇಳು ಎಂದಳು. ಬಂದದ್ದು ತಾತ್ಯಾಸಾಹೇಬನ ದನಿ. 'ಯವ್ವಾ' ಇದ್ದಲ್ಲೆಲ್ಲ 'ಗೆಳೆಯಾ' ಆಗಿತ್ತು. ನಾಲ್ಕು ಹಾಡಿನಲ್ಲೂ ಅಷ್ಟೇ. ಡಬ್ಬಿಯ ಮೇಲೆ ಅವಳ ಹೆಸರೂ ಇರಲಿಲ್ಲ.

ಅವಳು ಹೋಗಿ ಕೇಳಲಿಲ್ಲ. ಕೇಳಿದ್ದರೆ ಏನೋ ಒಂದು ಕಾರಣ ಹೇಳುತ್ತಿದ್ದರು, ಅದನ್ನು ನಂಬಬೇಕಾಗುತ್ತಿತ್ತು. ಆ ಜೂನಿನಲ್ಲೇ ನರ್ಸಿಂಗ್ ತರಬೇತಿಗೆ ಸೇರಿ, ಆಮೇಲೆ ನೌಕರಿ ಹಿಡಿದಳು. ಹಾಡು ಮಾತ್ರ ಅವಳನ್ನು ಬಿಡಲಿಲ್ಲ. ಅದು ಲಾರಿ ಡ್ರೈವರುಗಳ ಹಾಡಾಯಿತು. ಕಬ್ಬಿನ ಟ್ರಕ್ಕಿನಲ್ಲಿ, ತಂಬಾಕಿನ ಟೆಂಪೊದಲ್ಲಿ, ಚಹಾದಂಗಡಿಯಲ್ಲಿ, ಲಸಿಕೆಯ ಡಬ್ಬಿ ಹಿಡಿದು ಅವಳು ಕಾಯುತ್ತಿದ್ದ ಪ್ರತಿ ಕೂಡುರಸ್ತೆಯ ಫಾಟಾದಲ್ಲಿ ಗಂಡಸೊಬ್ಬ ಅವಳ ಕಾಲಿನ ಗಾಳಿಯ ಬಗ್ಗೆ ಹಾಡುತ್ತಿದ್ದ. ನಲವತ್ತು ವರ್ಷ ಅವಳು ಆ ಹಾಡು ಕೇಳಿದೊಡನೆ ಎದ್ದು ಬೇರೆ ಕಡೆ ಹೋಗಿ ನಿಲ್ಲುತ್ತಿದ್ದಳು.

ಚಿಕ್ಕೋಡಿ ದಾಟಿ, ಸದಲಗಾದ ಮೇಲೆ ಅವಳು ಬೋರಗಾಂವ ಮುಟ್ಟಿದಾಗ ಹನ್ನೊಂದು ಗಂಟೆ. ಓಣಿಯ ಎರಡೂ ಕಡೆ ಮಗ್ಗಗಳು ಖಟ್ ಖಟ್ ಎನ್ನುತ್ತಿದ್ದವು. ಫಿರದೋಸ ಮೂವತ್ತರ, ಎತ್ತರದ ಹೆಂಗಸು. ಅಪ್ಪನದೇ ಹಣೆ. ಅವಳು ಶಾಲೆಗೆ ಅರ್ಧ ದಿನ ರಜೆ ಹಾಕಿ, ನೆರೆಯವರಿಂದ ಹಳೆಯ ಟೇಪ್‌ರೆಕಾರ್ಡರ್ ತಂದು ಒರೆಸಿ ಇಟ್ಟಿದ್ದಳು. ಚಹಾ ಕೊಟ್ಟು, ಬಾಗಿಲು ಕಿಟಕಿ ಎಲ್ಲ ಮುಚ್ಚಿ, ಗುಂಡಿ ಒತ್ತಿದಳು.

ಮೊದಲು ಟೇಪಿನ ಗುಸುಗುಸು ಸದ್ದು. ಆಮೇಲೆ ಗಿಟಾರು. ಆಮೇಲೆ ಒಂದು ಹುಡುಗಿ ಹಾಡತೊಡಗಿದಳು.

ಇಂಥ ಗಳಿಗೆಯಲ್ಲಿ ತಾನು ಅಳಬಹುದು ಎಂದು ಶೈಲಾ ದಾರಿಯುದ್ದಕ್ಕೂ ಅಂದುಕೊಂಡಿದ್ದಳು. ಅಳು ಬರಲಿಲ್ಲ. ಎರಡನೇ ಸಾಲಿನಲ್ಲಿ ಹುಡುಗಿ ಸ್ವರ ಸ್ವಲ್ಪ ಇಳಿಸಿದ್ದು ಅವಳ ಕಿವಿಗೆ ಬಿತ್ತು. ಉಸಿರು ತಪ್ಪು ಜಾಗದಲ್ಲಿ ತೆಗೆದುಕೊಂಡಿದ್ದಾಳೆ ಎನಿಸಿತು. ಆದರೆ ಆ ದನಿಗೆ ಯಾರ ಹೆದರಿಕೆಯೂ ಇರಲಿಲ್ಲ. ಹೀಗೆ ಹಾಡುವ ಹುಡುಗಿ ಬಸ್‌ಸ್ಟ್ಯಾಂಡಿನಿಂದ ಸುಮ್ಮನೆ ಮನೆಗೆ ಹೇಗೆ ಹೋದಳು ಎಂದು ಶೈಲಾಗೆ ತನ್ನ ಮೇಲೆಯೇ ಸಿಟ್ಟು ಬಂತು.

ಹಾಡು ಮುಗಿದ ಮೇಲೂ ಟೇಪು ನಿಲ್ಲಲಿಲ್ಲ. ಕುರ್ಚಿ ಎಳೆದ ಸದ್ದು. ಯಾರೋ ಮರಾಠಿಯಲ್ಲಿ ಏನೋ ಅಂದರು. ಆಮೇಲೆ ಅಲ್ಲಾಬಕ್ಷನ ದನಿ, ಹತ್ತಿರದಲ್ಲಿ, ಸ್ಪಷ್ಟವಾಗಿ: "ಇದನ್ನ ತಗೀಬ್ಯಾಡ ತಾತ್ಯಾ. ಪಾಪ ಹತ್ತತೈತಿ."

ಫಿರದೋಸ ಟೇಪು ನಿಲ್ಲಿಸಿದಳು. ಶೈಲಾ ಅವ್ವನ ಜೊತೆ ಹೊರಟು ಹೋದ ಮೇಲೆ, ಟೇಪು ಮತ್ತೆ ಹಚ್ಚಿದಾಗ ಆಡಿದ ಮಾತು ಅದು. ಅಬ್ಬಾ ಇದರ ಬಗ್ಗೆ ಎಂದೂ ಬಾಯಿ ಬಿಡಲಿಲ್ಲ ಎಂದು ಫಿರದೋಸ ಹೇಳಿದಳು. ಪಾರ್ಟಿ ತೊಂಬತ್ತೆರಡರಲ್ಲಿ ಒಡೆದ ಮೇಲೆ ಗಿಟಾರನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದವನು ಮತ್ತೆ ತೆಗೆಯಲಿಲ್ಲ, ಕೇಳಿದರೆ ತಂತಿ ಸಿಗುವುದಿಲ್ಲ ಅನ್ನುತ್ತಿದ್ದ. ಫಿರದೋಸಳ ಅಮ್ಮ ಮೆಹರುಬಿ ಕೂಡ ಅವನ ಗಿಟಾರು ಕೇಳಿದ್ದು ಕ್ಯಾಸೆಟ್ಟಿನಲ್ಲಿ ಮಾತ್ರ.

ಶೈಲಾ ಇನ್ನೊಮ್ಮೆ ಹಾಕು ಅಂದಳು. ಆದರೆ ಅದು ಶುರುವಾಗುತ್ತಲೇ ಎದ್ದು, ಓಣಿಗೆ ಬಂದು, ಮಗ್ಗದ ಸದ್ದಿನ ನಡುವೆ ಆ ತುದಿಯಿಂದ ಈ ತುದಿಗೆ ನಡೆದಳು. ನಲವತ್ತು ವರ್ಷ ಅವಳು ತಾತ್ಯಾಸಾಹೇಬನನ್ನು ಬೈದುಕೊಂಡಿದ್ದಳು ನಿಜ. ಅದರ ಅಡಿಯಲ್ಲಿ ಬೇರೊಂದು ಸಂಶಯ ಇಟ್ಟುಕೊಂಡಿದ್ದಳು: ತನ್ನ ದನಿಯೇ ಚೆನ್ನಾಗಿರಲಿಲ್ಲವೇನೋ ಎಂದು. ಆ ಸಂಶಯ ಈಗ ಹೋಗಿತ್ತು. ಅದರ ಜಾಗದಲ್ಲಿ ಏನಿಡಬೇಕೋ ತಿಳಿಯಲಿಲ್ಲ.

ಊಟ ಮಾಡಿ ಹೋಗಿ ಎಂದು ಮೆಹರುಬಿ ಎಷ್ಟು ಹೇಳಿದರೂ ಅವಳು ನಿಲ್ಲಲಿಲ್ಲ. ಅಂಕಲಿಯ ಸೇತುವೆ ದಾಟಿ, ಕಾಗವಾಡ ಹಿಡಿದು, ಮಧ್ಯಾಹ್ನದ ಎರಡರ ಸುಮಾರಿಗೆ ಶಿರಗುಪ್ಪಿಯಲ್ಲಿ ತಾತ್ಯಾಸಾಹೇಬನ ಮನೆಯ ಮುಂದೆ ಸ್ಕೂಟಿ ನಿಲ್ಲಿಸಿದಳು.

ಅವನಿಗೆ ಈಗ ಎಪ್ಪತ್ತು. ಬಿಳಿ ಬಟ್ಟೆ, ಬಣ್ಣ ಹಚ್ಚಿದ ಮೀಸೆ. ಪಡಸಾಲೆಯ ಗೋಡೆ ತುಂಬ ಸನ್ಮಾನದ ಫೋಟೋ. ಇವಳನ್ನು ನೋಡಿದೊಡನೆ ಗುರುತು ಹಿಡಿದ. ಹೆಂಡತಿ ಉಜ್ವಲಾಳನ್ನು ಕರೆದು, ನಮ್ಮ ಶೈಲಾ ಬಂದಾಳ ಎಂದ, ನಿನ್ನೆ ತಾನೇ ಹೋದವಳು ಬಂದಂತೆ. ಉಜ್ವಲಾ ನೀರು ತಂದಿಟ್ಟು, ಇಬ್ಬರ ಮುಖವನ್ನೂ ನೋಡಿ ಒಳಗೆ ಹೋದಳು.

ಶೈಲಾ ಕೂರಲಿಲ್ಲ. ನನ್ನ ದನಿ ಯಾಕೆ ತೆಗೆದಿರಿ ಎಂದು ನಿಂತುಕೊಂಡೇ ಕೇಳಿದಳು.

ತಾತ್ಯಾಸಾಹೇಬ ಮೊದಲು ಕ್ಯಾಸೆಟ್ ಕಂಪನಿಯವರ ಮೇಲೆ ಹಾಕಿದ. ಹೆಣ್ಣುದನಿಯ ಕ್ಯಾಸೆಟ್ ಆಗ ಈ ಭಾಗದಲ್ಲಿ ಓಡುತ್ತಿರಲಿಲ್ಲ ಎಂದ. ಆಮೇಲೆ, ನಿನ್ನ ಮದುವೆಗೆ ತೊಂದರೆಯಾದೀತು ಅಂತ ಎಂದ. ಅವಳು ಅಲ್ಲಾಬಕ್ಷನ ಟೇಪು ಸಿಕ್ಕಿದ್ದನ್ನು, ಅದರಲ್ಲಿ ಏನಿದೆ ಎಂಬುದನ್ನು ಹೇಳಿದಳು. ಅವನು ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ನೀ ಹಾಡಿದ್ದ ಕೇಳಿ ಆ ರೆಕಾರ್ಡಿಂಗಿನಾಂವ ಎದ್ದ ನಿಂತಿದ್ದ," ಎಂದ. "ಮೂರ ವರ್ಷ ನಾ ಹಾಡೇನಿ. ನನಗ ಒಬ್ಬರೂ ಹಂಗ ಎದ್ದ ನಿಂತಿರಲಿಲ್ಲ. ಪಾರ್ಟಿ ಕಟ್ಟಿದಾಂವ ನಾ. ಕ್ಯಾಸೆಟ್ ಬಂತಂದ್ರ ಎಲ್ಲಾರೂ ನಿನ್ನ ಕೇಳಕೋತ ಬರ್ತಾರು ಅನಸ್ತು. ಅಷ್ಟ."

"ಅಷ್ಟ?"

"ಅಷ್ಟ ಶೈಲಾ. ದೊಡ್ಡ ಕಾರಣ ಇದ್ದಿದ್ರ ನನಗೂ ಚಲೋ ಆಕ್ಕಿತ್ತು."

ಹೊರಗೆ ಕಬ್ಬು ತುಂಬಿದ ಟ್ರ್ಯಾಕ್ಟರು ಹಾದುಹೋಯಿತು. ಅದರ ಹಾಡು ಓಣಿ ತಿರುಗುವವರೆಗೂ ಕೇಳುತ್ತಿತ್ತು. ಈಗಿನ ಡಿಜೆ ಹಾಡು, ಆದರೆ ಡೊಳ್ಳಿನ ಹಿಂದೆ ಅದೇ ಜಾರುವ ಗಿಟಾರು. ಶೈಲಾ ನೀರು ಕುಡಿಯದೆ, ಹೊರಡುವ ಮೊದಲು ಒಂದೇ ಮಾತು ಹೇಳಿದಳು: ಈಗ ತನಗೆ ಹೇಳಿದ್ದನ್ನು ಚಿಕ್ಕೋಡಿಯಲ್ಲಿ ಮೈಕಿನ ಮುಂದೆ ಹೇಳಬೇಕು. ಅವನು ತಲೆ ತಗ್ಗಿಸಿ, ಹೇಳುತ್ತೇನೆ ಎಂದ. ಅವಳು ನಂಬಲಿಲ್ಲ.

ಕಾರ್ಯಕ್ರಮಕ್ಕೆ ಇನ್ನೂ ಹದಿಮೂರು ದಿನ ಇತ್ತು. ಆ ಹದಿಮೂರು ದಿನ ಸಂಜಯನಿಗೆ ಹೆಂಡತಿ ಕೈಗೆ ಸಿಗಲಿಲ್ಲ. ಒಂದು ದಿನ ಚಿಕ್ಕೋಡಿಗೆ ಹೋಗಿ ಖಾಲಿ ಸಭಾಭವನದೊಳಗೆ ಇಣುಕಿ ಬಂದಳು. ಇನ್ನೊಂದು ದಿನ ನಿಪ್ಪಾಣಿಗೆ ಹೋಗಿ ಕಾರ್ಯಕ್ರಮ ಇಟ್ಟ ಹುಡುಗರ ಮುಖ್ಯಸ್ಥ ಅಮೋಲನನ್ನು ದೂರದಿಂದ ನೋಡಿ, ಮಾತಾಡದೆ ತಿರುಗಿದಳು. ಮನೆಯಲ್ಲಿ ಅಕ್ಕಿ ಆರಿಸಲು ಕೂತರೆ ಅರ್ಧಕ್ಕೆ ಎದ್ದು ಗೇಟಿನ ತನಕ ಹೋಗಿ ಬರುವಳು. ಹಾಡಬೇಕೇ, ಬೇಡವೇ, ಹಾಡಿದರೆ ಏನು ಹಾಡುವುದು, ದನಿ ಎಲ್ಲಿದೆ? ಬೆಳಗಿನ ಹೊತ್ತು ಸ್ಕೂಟಿಯ ಮೇಲೆ, ಕಬ್ಬಿನ ನಡುವಿನ ದಾರಿಯಲ್ಲಿ ಗಂಟಲು ಬಿಟ್ಟು ನೋಡುತ್ತಿದ್ದಳು. ಮೇಲಿನ ಸ್ವರಕ್ಕೆ ಹೋದರೆ ಒಡೆಯುತ್ತಿತ್ತು.

ಅಲಖನೂರಿಗೂ ಹೋದಳು. ಕಾಡಸಿದ್ದನಿಗೆ ಎಪ್ಪತ್ತೈದು ದಾಟಿದೆ, ಕಿವಿ ಮಂದ, ಕೈ ಗಟ್ಟಿ. ಅವನು ದನದ ಕೊಟ್ಟಿಗೆಯ ಮುಂದೆ ಕೂತಿದ್ದ. ಟೇಪಿನ ವಿಷಯ ಹೇಳಿದರೆ ಆಶ್ಚರ್ಯಪಡಲಿಲ್ಲ.

"ನನಗೂ ಗೊತ್ತಿತ್ತ ತಂಗಿ," ಎಂದ. "ಅವತ್ತ ನಾನೂ ಅಲ್ಲೇ ಇದ್ನಿ. ಅಲ್ಲಾಬಕ್ಷ ಒಂದ ಮಾತರ ಆಡಿದ. ನಾ ಡೊಳ್ಳಿಗಿ ಗವಸ ಹಾಕ್ಕೋತ ಕುಂತ್ನಿ."

ಅವನ ಮೇಲೆ ಸಿಟ್ಟಾಗಬೇಕೆಂದು ಶೈಲಾ ನೋಡಿದಳು, ಆಗಲಿಲ್ಲ. ಬದಲಿಗೆ, ಸ್ಕೂಟಿಯ ಮೇಲೆ ಹಾಡಿಕೊಳ್ಳುವ ಬೇರೊಂದು ಹಾಡಿನ ನಾಲ್ಕು ಸಾಲು ಅವನಿಗೆ ಹಾಡಿ ತೋರಿಸಿದಳು. ಅದನ್ನು ಈವರೆಗೆ ಯಾರೂ ಕೇಳಿರಲಿಲ್ಲ, ಸಂಜಯ ಕೂಡ. ಅವನು ಕಿವಿಗೆ ಕೈ ಹಿಡಿದು ಕೇಳಿ, ಕೊಟ್ಟಿಗೆಯ ಕಂಬದ ಮೇಲೆ ಬೆರಳಿನಿಂದ ತಾಳ ಹುಡುಕಿದ. ಸಿಗಲಿಲ್ಲ. ಚಿಕ್ಕೋಡಿಯಲ್ಲಿ ನೋಡೋಣ ಎಂದ.

ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಸಭಾಭವನ ತುಂಬಿತ್ತು. ಕಾಗವಾಡದಿಂದ, ಅಥಣಿಯಿಂದ, ಗಡಿಯಾಚೆಯಿಂದಲೂ ಜನ ಬಂದಿದ್ದರು. ಅರ್ಧ ಮಂದಿ ಕೂದಲು ನರೆತವರು, ಅರ್ಧ ಮಂದಿ ಮೊಬೈಲು ಎತ್ತಿ ಹಿಡಿದ ಹುಡುಗರು. ಅಮೋಲ ಮೊದಲು ಮಾತಾಡಿದ. ತನ್ನ ಅಪ್ಪ ತಂಬಾಕಿನ ಟೆಂಪೊ ಓಡಿಸುತ್ತಿದ್ದ, ಆ ಟೆಂಪೊದಲ್ಲಿ ಈ ಒಂದೇ ಕ್ಯಾಸೆಟ್ ಇತ್ತು, ತಾನು ಗಿಟಾರು ಹಿಡಿದದ್ದು ಅದರಿಂದ ಎಂದ. ಈಗ ಮದುವೆ ಮನೆಯಲ್ಲಿ, ಯೂಟ್ಯೂಬಿನಲ್ಲಿ ಕೇಳುವ ಜನಪದದ ಹಾಡುಗಳ ಹಾದಿಯನ್ನು ಮೊದಲು ಕಡಿದವರು ಈ ನಾಲ್ವರು, ಆದರೆ ಆಮೇಲೆ ಬಂದವರಿಗೆ ಸಿಕ್ಕ ಹೆಸರಿನಲ್ಲಿ ಕಾಲು ಭಾಗವೂ ಇವರಿಗೆ ಸಿಗಲಿಲ್ಲ ಎಂದ. ನಾಲ್ವರು ಎಂದನಲ್ಲ ಎಂದು ಶೈಲಾ ಪಕ್ಕದಲ್ಲಿದ್ದ ಫಿರದೋಸಳನ್ನು ನೋಡಿದಳು. ಫಿರದೋಸ ಕಣ್ಣು ತಪ್ಪಿಸಿದಳು. ಅವಳು ಹೋದ ವಾರವೇ ಟೇಪನ್ನು ಅಮೋಲನಿಗೆ ಕೇಳಿಸಿದ್ದಳು.

ತಾತ್ಯಾಸಾಹೇಬ ಮೈಕಿಗೆ ಬಂದ. ಮಾತುಗಾರ. ಅಥಣಿಯ ಮೊದಲ ಕಾರ್ಯಕ್ರಮದ ಕಥೆ ಹೇಳಿ ನಗಿಸಿದ, ಅಲ್ಲಾಬಕ್ಷನನ್ನು ನೆನೆದು ಎಲ್ಲರನ್ನೂ ಒಂದು ನಿಮಿಷ ಎದ್ದು ನಿಲ್ಲಿಸಿದ. ಈಗ ತಪ್ಪಿಸಿಕೊಳ್ಳುತ್ತಾನೆ ಎಂದು ಶೈಲಾ ಸೆರಗಿನ ತುದಿ ಹಿಂಡುತ್ತಿದ್ದಳು. ಅವನು ತಪ್ಪಿಸಿಕೊಳ್ಳಲಿಲ್ಲ. ಆ ಹಾಡು ತನ್ನದಲ್ಲ ಎಂದ. ಕಟ್ಟಿದವಳೂ ಹಾಡಿದವಳೂ ಶೈಲಾ, ಹೊಟ್ಟೆಕಿಚ್ಚಿಗೆ ಅವಳ ದನಿ ತೆಗೆಸಿ ನಾನು ಹಾಡಿದೆ, ನಲವತ್ತು ವರ್ಷ ಬೇರೆಯವಳ ಅಂಗಿ ತೊಟ್ಟು ತಿರುಗಿದೆ ಎಂದ.

ಚಪ್ಪಾಳೆ ಶುರುವಾಯಿತು, ನಿಲ್ಲಲೇ ಇಲ್ಲ. ಜನ ಎದ್ದು ನಿಂತರು. ಇಂಥ ದೊಡ್ಡ ಮನಸ್ಸು ಯಾರಿಗಿದೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದದ್ದು ಶೈಲಾಗೆ ಕೇಳಿಸಿತು. ಯಾರೋ ಓಡಿ ಬಂದು ಅವನಿಗೆ ಇನ್ನೊಂದು ಹಾರ ಹಾಕಿದರು. ಆಮೇಲೆ ಅವಳನ್ನು ಕರೆದು ಶಾಲು ಹೊದಿಸಿದರು. ಕದ್ದವನಿಗೆ ಹಾರ, ಕಳೆದುಕೊಂಡವಳಿಗೆ ಶಾಲು. ಅವಳು ಬಯಸಿದ್ದು ಅಕ್ಷರ ಬಿಡದಂತೆ ಆಗಿತ್ತು, ಆದರೂ ಒಳಗಿನ ಕುದಿ ಒಂದು ಗುಲಗಂಜಿಯಷ್ಟೂ ಇಳಿದಿರಲಿಲ್ಲ.

ಹುಡುಗರು ಹಾಡು ಹಾಡು ಎಂದು ಕೂಗಿದರು. ಅಮೋಲನ ತಂಡ ಆ ಹಳೆಯ ಹಾಡಿಗೆ ಅಣಿಯಾಗಿ ನಿಂತಿತ್ತು. ಶೈಲಾ ಮೈಕು ಹಿಡಿದಳು.

"ಆ ಹಾಡ ನಂಗ ಬ್ಯಾಡ್ರಿ," ಎಂದಳು. "ಅದು ಲಾರಿಯವರ ಸಂಗಾಟ ಹೋಗೇತಿ. ಅಲ್ಲೇ ಚಲೋ ಐತಿ. ನನ್ನ ಹಂತೇಕ ಬ್ಯಾರೆ ಹಾಡ ಐತಿ."

ಕಬ್ಬು ಕಡಿಯಲು ಊರು ಬಿಟ್ಟು ಬಂದ ಹೆಂಗಸರಿಗೆ ಗರಿಯ ಗುಡಿಸಿಲಿನಲ್ಲಿ ಅವಳು ಹೆರಿಗೆ ಮಾಡಿಸಿದ್ದು ಲೆಕ್ಕವಿಲ್ಲದಷ್ಟು. ಪ್ರತಿ ಸಲ ರಜಿಸ್ಟರಿನಲ್ಲಿ ಊರು ಬರೆಯುವ ಜಾಗ ಬಂದಾಗ ಅವಳ ಪೆನ್ನು ನಿಲ್ಲುತ್ತಿತ್ತು. ಅದರಿಂದ ಬಂದ ಹಾಡು:

ಗರಿಯ ಜೋಪಡ್ಯಾಗ ಹುಟ್ಟೀದಿ ಮಗಳ,
ಯಾವೂರಾಕಿ ಅಂತ ಬರೀಲಿ?
ಟ್ರ್ಯಾಕ್ಟರ ಏರಿ ನಾಳಿಗಿ ಹೊಂಟೀದಿ,
ಯಾ ಮನಿ ನಂಬರ ಬರೀಲಿ?

ಮೊದಲ ಸಾಲಿಗೆ ದನಿ ಒಡೆಯಿತು. ಅವಳು ನಿಲ್ಲಲಿಲ್ಲ, ಒಡೆದ ದನಿಯಲ್ಲೇ ಮುಂದೆ ಹೋದಳು. ಕಾಡಸಿದ್ದ ತಪ್ಪು ತಾಳದಲ್ಲಿ ಹೊಕ್ಕು, ನಿಂತು, ಮತ್ತೆ ಹೊಕ್ಕು ತಪ್ಪಿದ. ಎರಡನೇ ನುಡಿಯಲ್ಲಿ ಅವಳ ಕಾಲಿನ ಕಡೆ ನೋಡಿ ತಾಳ ಹಿಡಿದ. ಅಲ್ಲಿಂದ ಹಾಡು ತಾನೇ ನಡೆಯತೊಡಗಿತು. ಸಾಲು ಸಾಲಿನ ನಡುವೆ ಅಲ್ಲಾಬಕ್ಷನ ಗಿಟಾರು ಜಾರಿ ಬರಬೇಕಾದ ಜಾಗ ಇತ್ತು. ಅಮೋಲನ ಕೈ ತಂತಿಯ ಮೇಲೇ ಇತ್ತು, ಆದರೆ ಅವನು ಬಾರಿಸಲಿಲ್ಲ. ಮೂರನೇ ನುಡಿ ಅವಳಿಗೆ ಮರೆತೇ ಹೋಯಿತು. ಮೊದಲನೆಯದನ್ನೇ ಇನ್ನೊಮ್ಮೆ ಹಾಡಿ ಮುಗಿಸಿದಳು.

ಚಪ್ಪಾಳೆ ತಾತ್ಯಾಸಾಹೇಬನಿಗೆ ಬಿದ್ದಷ್ಟು ಬೀಳಲಿಲ್ಲ. ಕೆಲವರು ಊಟಕ್ಕೆ ಎದ್ದಿದ್ದರು. ಹುಡುಗರು ಇನ್ನೂ ಹಳೆಯ ಹಾಡು ಕೇಳುತ್ತಿದ್ದರು, ಕೊನೆಗೆ ಅಮೋಲನೇ ಅದನ್ನು ಹಾಡಿದ. 'ಯವ್ವಾ' ಎಂದೇ ಹಾಡಿದ. ಶೈಲಾ ಅಷ್ಟರಲ್ಲಿ ವೇದಿಕೆಯ ಹಿಂದೆ ಕಾಡಸಿದ್ದನ ಪಕ್ಕ ನಿಂತು, ತಾಳ ಎಲ್ಲಿ ತಪ್ಪಿತು ಎಂದು ಅವನ ಮಂದ ಕಿವಿಗೆ ಕೂಗಿ ಜಗಳವಾಡುತ್ತಿದ್ದಳು. ನಲವತ್ತು ವರ್ಷದಲ್ಲಿ ಮೊದಲ ಸಲ ಆ ಹಾಡು ಕೇಳಿದರೂ ಜಾಗ ಬಿಟ್ಟು ಹೋಗಬೇಕು ಎನಿಸಿರಲಿಲ್ಲ. ಅದು ಅವಳ ಗಮನಕ್ಕೆ ಬಂದದ್ದು ಮನೆಗೆ ಹೋಗುವ ದಾರಿಯಲ್ಲಿ.

ಮುಂದಿನ ತಿಂಗಳಿಂದ ಅವಳು ವಾರಕ್ಕೊಂದು ದಿನ ಬೋರಗಾಂವಕ್ಕೆ ಹೋಗತೊಡಗಿದಳು. ಓಣಿಯ ಮಗ್ಗಗಳಿಗೆ ರಜೆಯಿದ್ದ ದಿನ ಫಿರದೋಸಳ ಮನೆಯ ನಡುಮನೆಯಲ್ಲಿ ಗೋಡೆಗೆ ಚಾದರ ಕಟ್ಟಿ, ಅಮೋಲ ತನ್ನ ಮಷೀನು ತಂದು ರೆಕಾರ್ಡಿಂಗ್ ಮಾಡುತ್ತಿದ್ದ. ಲಸಿಕೆಯ ಡಬ್ಬಿ ಹೊತ್ತು ತಿರುಗುತ್ತ ಕಟ್ಟಿದ ಹಾಡುಗಳು ಹದಿನೇಳು ಆದವು. ಕೆಲವಕ್ಕೆ ಕೊನೆ ಇರಲಿಲ್ಲ, ಅಲ್ಲೇ ಕಟ್ಟಿದಳು. ಮೆಹರುಬಿ ಅಟ್ಟದ ಗಿಟಾರು ಇಳಿಸಿ ಕೊಟ್ಟಳು. ತಂತಿ ಮಿರಜಿನಲ್ಲಿ ಸಿಕ್ಕವು. ಆದರೆ ಅದನ್ನು ಬಾರಿಸಲು ಯಾರಿಗೂ ಬರುತ್ತಿರಲಿಲ್ಲ. ಫಿರದೋಸ ಉಕ್ಕಿನ ತುಂಡು ಹಿಡಿದು ಕಲಿಯಲು ಕೂತಳು. ಆರು ವಾರವಾದರೂ ಬೆಕ್ಕಿನ ಬಾಲ ತುಳಿದಂತೆ ಕೇಳುತ್ತಿತ್ತು.

ಏಳನೇ ವಾರ ತಾತ್ಯಾಸಾಹೇಬ ಹೇಳದೆ ಕೇಳದೆ ಬಂದ. ಬಗಲಲ್ಲಿ ಗಿಟಾರು. ಬಾಗಿಲಲ್ಲಿ ನಿಂತು, ನನಗೂ ಒಂದು ಜಾಗ ಇದೆಯೇ ಎಂದು ಕೇಳಿದ. ಎಲ್ಲರೂ ಶೈಲಾಳ ಕಡೆ ನೋಡಿದರು. ಅವಳು ಬೇಡ ಎನ್ನಬಹುದಿತ್ತು. ಬೇಡ ಎನ್ನುವ ಮಾತು ಬಾಯಿಯವರೆಗೆ ಬಂದೂ ಇತ್ತು. ಆದರೆ ಆ ದಿನ ಹಿಡಿದಿದ್ದ ಹಾಡಿಗೆ ಗಿಟಾರಿನವನೊಬ್ಬ ಬೇಕಾಗಿದ್ದ. ಅಮೋಲನ ಕೈ ಮಷೀನಿನ ಮೇಲಿತ್ತು.

"ಹಾಡಬ್ಯಾಡ್ರಿ," ಎಂದಳು. "ಬಾರಸ್ರಿ."

ಅವನು ಚಪ್ಪಲಿ ಬಿಟ್ಟು ಒಳಗೆ ಬಂದು, ಮೂಲೆಯ ಚಾಪೆಯ ಮೇಲೆ ಕೂತು ಶ್ರುತಿ ಮಾಡಿಕೊಂಡ. ಶೈಲಾ ಎಲ್ಲರ ನಡುವೆ ಆ ಗೋಡೆಯಿಂದ ಈ ಗೋಡೆಗೆ ಎರಡು ಸಲ ನಡೆದಳು. ಒಂದು ಕಡೆ ನಿಂತು ಹಾಡಿರಿ, ದನಿ ದೂರ ಹೋಗುತ್ತದೆ ಎಂದು ಅಮೋಲ ಎಷ್ಟನೆಯ ಸಲವೋ ಬೇಡಿಕೊಂಡ. ಅವಳು ಹ್ಞೂಂ ಎಂದು ನಡೆಯುತ್ತಲೇ ಹಾಡು ಎತ್ತಿದಳು. ಅವನು ಮೈಕನ್ನು ಕೈಯಲ್ಲಿ ಹಿಡಿದು ಅವಳ ಹಿಂದೆ ಹಿಂದೆ ನಡೆದ.